ನೂರಕ್ಕೆ 73

ನಮ್ಮ ಮಾಮಾ ಹಾನಗಲ್ಲಿನಲ್ಲಿ ಗಾದಿ ಮಾಡುತ್ತಾರೆ. ಸಣ್ಣ ಅಂಗಡಿ. ಹಿಂದೆ ಅರಳೆ ಹಿಂಜುವ ಮಷಿನ್, ಮುಂದೆ ಗಾದಿ ಹೊಲಿಯಲು ಹಾಸಿದ ಜಮಖಾನೆ. ಮದುವೆ ಸೀಜನ್ನಿನಲ್ಲಿ ಮಾಮಾನ ಹುಬ್ಬು, ಮೀಸೆ ಎಲ್ಲ ಅರಳೆಯಿಂದ ಬೆಳ್ಳಗಾಗಿರುತ್ತಿದ್ದವು. ಚಿಕ್ಕವರಿದ್ದಾಗ ನಾವು ಅವರನ್ನು ನೋಡಿ 'ಮಾಮಾ ಮುದುಕ ಆದ' ಎಂದು ಕೂಗುತ್ತಿದ್ದೆವು. ಈಗ ಅವರಿಗೆ 46 ವರ್ಷ.

ಈ ಸಲದ ಸಂಚಿಕೆಗೆ ವಿಜ್ಞಾನದ ಮೇಲೆ ಏನಾದರೂ ಬರೆದುಕೊಡು ಎಂದು ಬಯಾಲಜಿ ಮೇಡಂ ಕೇಳಿದರು. ನನಗೆ ಗೊತ್ತಿರುವ ವಿಜ್ಞಾನ ಕಳೆದ ವರ್ಷ ನಮ್ಮ ಮನೆಯಲ್ಲೇ ನಡೆದದ್ದು. ಅದರಲ್ಲಿ ನಾನು ಒಂದು ತಪ್ಪನ್ನೂ ಮಾಡಿದ್ದೇನೆ. ಅದನ್ನು ಬಿಟ್ಟು ಬರೆದರೆ ಸರಿಯಲ್ಲ, ಹಾಗಾಗಿ ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

2023ರ ಆರಂಭದಲ್ಲಿ ಮಾಮಾನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ನೋವಿರಲಿಲ್ಲ. ಮೊದಲು ತೋರಿಸಿದಲ್ಲಿ ಅದನ್ನು ಕ್ಷಯದ ಗಂಟು ಎಂದು ಹೇಳಿ ಎರಡು ತಿಂಗಳು ಕ್ಷಯದ ಗುಳಿಗೆ ಕೊಟ್ಟರು. ಅರಳೆ ಧೂಳಿನಲ್ಲಿ ದುಡಿಯುವ ಮನುಷ್ಯ, ಕೆಮ್ಮು ಯಾವಾಗಲೂ ಇದ್ದದ್ದೇ, ಕ್ಷಯ ಎಂದರೆ ಯಾರಾದರೂ ನಂಬುತ್ತಾರೆ. ಗಂಟು ಮಾತ್ರ ನಿಂಬೆಹಣ್ಣಿನಷ್ಟಾಯಿತು. ಹುಬ್ಬಳ್ಳಿಯಲ್ಲಿ ಗಂಟಿನ ತುಣುಕು ತೆಗೆದು ಪರೀಕ್ಷಿಸಿದ ಮೇಲೆ ತಿಳಿಯಿತು, ಅದು ಲಿಂಫೋಮಾ. ಪೂರ್ತಿ ಹೆಸರು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಬಿಳಿ ರಕ್ತಕಣಗಳಲ್ಲಿ ಬಿ ಕೋಶಗಳು ಎಂದು ನಾವು ಓದುತ್ತೇವಲ್ಲ, ಪ್ರತಿಕಾಯ ತಯಾರಿಸುವಂಥವು, ಅವೇ ದಾರಿ ತಪ್ಪಿ ಬೆಳೆಯುವ ರಕ್ತದ ಕ್ಯಾನ್ಸರ್.

21 ದಿನಕ್ಕೊಮ್ಮೆಯಂತೆ ಆರು ಸುತ್ತು ಕೀಮೋ ಆಯಿತು. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಬಸ್ಸು, ಸಂಜೆಗೆ ವಾಪಸ್ಸು. ಅಕ್ಟೋಬರಿನಲ್ಲಿ ಕೊನೆಯ ಸುತ್ತು ಮುಗಿಯಿತು. ಆಮೇಲಿನ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ಅಜ್ಜ ಸವಣೂರಿನಿಂದ ಎರಡು ಕಿಲೋ ಖಾರಾ ಕಟ್ಟಿಸಿಕೊಂಡು ಹೋಗಿ ಹಾನಗಲ್ಲಿನ ಆ ಓಣಿಗೆಲ್ಲ ಹಂಚಿದರು.

2025ರ ಮೇ, ಹಾನಗಲ್ಲಿನಲ್ಲಿ ಮಾವಿನ ಕಾಲ. ಮಾಮಾಗೆ ರಾತ್ರಿ ಮೈ ತೊಯ್ಯುವಷ್ಟು ಬೆವರು. ಬೇಸಿಗೆ ಎಂದುಕೊಂಡರು. ಬಗಲಿನಲ್ಲಿ ಗಂಟು ಕೈಗೆ ಸಿಕ್ಕಾಗ ಯಾರಿಗೂ ಹೇಳದೆ ಹತ್ತು ದಿನ ಸುಮ್ಮನಿದ್ದರಂತೆ. ಮತ್ತೆ ತುಣುಕು ತೆಗೆದರು. ಅದೇ ರೋಗ ಮರಳಿ ಬಂದಿತ್ತು. ಹುಬ್ಬಳ್ಳಿಯ ಡಾಕ್ಟರು, ಮುಂದಿನದನ್ನು ಬೆಂಗಳೂರಿನಲ್ಲಿ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಜೂನ್ 7ಕ್ಕೆ ಬಕ್ರೀದ್. ಸವಣೂರಿನ ಅಜ್ಜನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಹಾನಗಲ್ಲಿನಿಂದ ಮಾಮಾನ ಮನೆಯವರು, ಶಿಗ್ಗಾವಿಯಿಂದ ಕಾಕಾ, ಹಿರೇಕೆರೂರಿನಿಂದ ದೊಡ್ಡವ್ವ ಮತ್ತು ದೊಡ್ಡಪ್ಪ. ಊಟ ಆದ ಮೇಲೆ ಗಂಡಸರು ಪಡಸಾಲೆಯಲ್ಲಿ ಕೂತರು. ಕಾಕಾ ಮೊಬೈಲ್ ತೆಗೆದು ಯಾರೋ ಕಳಿಸಿದ ಒಂದು ಸಂದೇಶ ಓದಿದರು: ಭಾರತದಲ್ಲೇ ತಯಾರಾದ ಹೊಸ ಚಿಕಿತ್ಸೆ, ಒಂದೇ ಸಲ ಕೊಟ್ಟರೆ ಸಾಕು, ರಕ್ತದ ಕ್ಯಾನ್ಸರ್ ನೂರಕ್ಕೆ ನೂರು ಮಾಯ, ಅಮೆರಿಕದಲ್ಲಿ ಕೋಟಿಗಟ್ಟಲೆ, ಇಲ್ಲಿ ಬರೀ 40 ಲಕ್ಷ. ಹೆಸರು ಕಾರ್-ಟಿ.

"ಕಾರ್ ಯಾಕ? ರೈಲಿನ್ಯಾಗ ಹೋಗಾಕ ಬರಂಗಿಲ್ಲೇನು?" ಎಂದು ದೊಡ್ಡವ್ವ ಒಳಗಿನಿಂದ ಕೇಳಿದರು. ಯಾರೂ ನಗಲಿಲ್ಲ. 'ಬರೀ 40 ಲಕ್ಷ' ಎನ್ನುವ ಮಾತು ಎಲ್ಲರ ತಲೆಯ ಮೇಲೆ ಕೂತಿತ್ತು.

ಅಜ್ಜನದು ಇಪ್ಪತ್ತು ಗುಂಟೆ ಎಲೆಬಳ್ಳಿ ತೋಟ. ಸವಣೂರಿನ ಎಲೆಗೆ ದೂರದೂರದ ಗಿರಾಕಿ ಇದೆ. ಆ ತೋಟವೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಅಜ್ಜ ನನ್ನ ಕಡೆ ತಿರುಗಿ, "ನೀ ಸೈನ್ಸ್ ಓದಾಕಿ. ಇದು ಖರೇ ಏನು ಸುಳ್ಳ ಏನು, ಓದಿ ಹೇಳವಾ" ಎಂದರು. ಮನೆಯಲ್ಲಿ ಪಿಯುಸಿ ಸೈನ್ಸ್ ತೆಗೆದುಕೊಂಡವಳು ನಾನೊಬ್ಬಳೇ. ಅಷ್ಟು ಜನ ಹಿರಿಯರು ನನ್ನ ಮಾತಿಗೆ ಕಾಯುವುದು ಅದೇ ಮೊದಲು. ಸುಳ್ಳು ಹೇಳುವುದಿಲ್ಲ, ನನಗೆ ಹೆಮ್ಮೆಯಾಯಿತು.

ಎರಡು ರಾತ್ರಿ ಕೂತು ಮೊಬೈಲಿನಲ್ಲಿ ಓದಿದೆ. ಚಿಕಿತ್ಸೆ ಇರುವುದು ನಿಜ. ಮುಂಬೈಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ತಯಾರಿಸಿದ್ದು, ಹೆಸರು ನೆಕ್ಸ್‌ಕಾರ್19. ಪ್ರೊಫೆಸರ್ ರಾಹುಲ್ ಪುರ್ವಾರ್ ಅವರ ಪ್ರಯೋಗಾಲಯದ ಕೆಲಸ ಅದು. 2023ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಐಐಟಿಯಲ್ಲೇ ಅದನ್ನು ದೇಶಕ್ಕೆ ಅರ್ಪಿಸಿದರು. ಬೆಲೆ ಅಮೆರಿಕದಲ್ಲಿ 3-4 ಕೋಟಿ ರೂಪಾಯಿ, ಇಲ್ಲಿ ಸುಮಾರು 40 ಲಕ್ಷ ಎಂಬುದೂ ಹೆಚ್ಚುಕಡಿಮೆ ಸರಿ. ಅದರ ಅಧ್ಯಯನದ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 64 ರೋಗಿಗಳು. ಸ್ಪಂದಿಸಿದವರು ನೂರಕ್ಕೆ 73.

ಮರುದಿನ ಅಜ್ಜನಿಗೆ ಫೋನ್ ಮಾಡಿ, "ನೂರಕ್ಕ ನೂರು ಸುಳ್ಳ ಐತಿ ಅಜ್ಜಾ, ನೂರಕ್ಕ 73 ಮಂದಿಗೆ ಆರಾಮ ಆಗೈತಿ" ಎಂದು ಹೇಳಿದೆ.

"73 ಅಂದ್ರ ಬಾಳ ಆತಲ್ಲವಾ" ಎಂದರು ಅಜ್ಜ. ಆ ವಾರವೇ ತೋಟ ಕೊಳ್ಳುವವರೊಬ್ಬರನ್ನು ಕರೆಸಿ ಐವತ್ತು ಸಾವಿರ ಸಂಚಕಾರ ತೆಗೆದುಕೊಂಡುಬಿಟ್ಟರು. ತೋಟ ಮಾರಿದರೂ 40 ಲಕ್ಷ ಆಗುತ್ತಿರಲಿಲ್ಲ, ಉಳಿದದ್ದಕ್ಕೆ ಸಾಲ. ಅವ್ವ ಬಂಗಾರದ ಲೆಕ್ಕ ಹಾಕತೊಡಗಿದಳು.

ಇದೆಲ್ಲವನ್ನೂ ನಾನು ಕಾಲೇಜಿನಲ್ಲಿ ಮೇಡಂ ಮುಂದೆ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ಎರಡೇ ಪ್ರಶ್ನೆ ಕೇಳಿದರು. "ಸ್ಪಂದಿಸಿದರು ಅಂದರೆ ಗುಣ ಆದರು ಅಂತ ಯಾರು ಹೇಳಿದರು? ಮತ್ತೆ, ಈ ಚಿಕಿತ್ಸೆ ತಗೊಳ್ಳದೆ ಮಾಮೂಲಿ ಚಿಕಿತ್ಸೆ ತಗೊಂಡವರಲ್ಲಿ ಎಷ್ಟು ಜನ ಅಂತ ನೋಡಿದ್ದೀಯಾ?"

ನೋಡಿರಲಿಲ್ಲ. ಮನೆಗೆ ಬಂದು ಮತ್ತೆ ತೆಗೆದೆ. ಸ್ಪಂದನೆ ಎಂದರೆ ಗಂಟು ಕರಗಿತು ಅಥವಾ ಗಣನೀಯವಾಗಿ ಸಣ್ಣದಾಯಿತು ಎಂದಷ್ಟೇ ಅರ್ಥ. ಎಷ್ಟು ದಿನ ಹಾಗೆಯೇ ಉಳಿಯಿತು ಎಂಬುದು ಬೇರೆ ಲೆಕ್ಕ. ಅದೇ ಅಧ್ಯಯನದಲ್ಲಿ ರೋಗ ಮತ್ತೆ ಬೆಳೆಯದೆ ಕಳೆದ ಕಾಲದ ಮಧ್ಯದ ಅಂಕಿ ಲಿಂಫೋಮಾದವರಲ್ಲಿ ಸುಮಾರು 6 ತಿಂಗಳು. ಮಾಮಾಗೆ ಮೊದಲಿನ ಕೀಮೋ ಕೂಡ 'ಸ್ಪಂದನೆ' ಕೊಟ್ಟಿತ್ತು. ಅಜ್ಜ ಖಾರಾ ಹಂಚಿದ್ದು ಆ ಸ್ಪಂದನೆಗೇ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಹೇಳಿದ ಅಂಕಿ ಸರಿಯಿತ್ತು, ಹೇಳಿದ ಮಾತು ತಪ್ಪಿತ್ತು, ಮತ್ತು ಆ ಮಾತಿನ ಮೇಲೆ ಐವತ್ತು ಸಾವಿರ ಕೈ ಬದಲಾಗಿತ್ತು.

ಆ ಅಧ್ಯಯನದ ಪರವಾಗಿಯೂ ಒಂದು ಮಾತು ಹೇಳಬೇಕು. ಅದರಲ್ಲಿದ್ದವರು ಬೇರೆ ಚಿಕಿತ್ಸೆಗಳೆಲ್ಲ ಸೋತವರು. ಅಂಥವರಲ್ಲಿ ನೂರಕ್ಕೆ 73 ಜನ ಸ್ಪಂದಿಸಿದ್ದಾರೆ ಎಂದರೆ ಸಣ್ಣ ಮಾತಲ್ಲ. ಆದರೆ ಅಲ್ಲಿ ಎಲ್ಲರಿಗೂ ಹೊಸ ಚಿಕಿತ್ಸೆಯನ್ನೇ ಕೊಟ್ಟಿದ್ದರು. ಪಕ್ಕದಲ್ಲಿ ಮಾಮೂಲಿ ಚಿಕಿತ್ಸೆಯ ಗುಂಪು ಇರಲಿಲ್ಲ. ಒಂದೇ ತಟ್ಟೆಯ ತಕ್ಕಡಿಯಲ್ಲಿ ತೂಗಿದರೆ ಎಷ್ಟು ಹೆಚ್ಚು ಎಂದು ಹೇಗೆ ಹೇಳುವುದು?

ಎರಡು ತಟ್ಟೆಯ ತಕ್ಕಡಿ ಎಲ್ಲಿದೆ ಎಂದು ಹುಡುಕಿದಾಗ ಹೊರದೇಶಗಳಲ್ಲಿ ನಡೆದ ಮೂರು ಅಧ್ಯಯನಗಳು ಸಿಕ್ಕವು. ಅದಕ್ಕೆ ಮೊದಲು ಈ ಎರಡು ಚಿಕಿತ್ಸೆಗಳು ಏನು ಎಂದು ಹೇಳಿಬಿಡುತ್ತೇನೆ. ಜೂನಿಯರ್ಸ್‌ಗೂ ಅರ್ಥವಾಗಲಿ.

ಮರಳಿ ಬಂದ ಲಿಂಫೋಮಾಕ್ಕೆ ಮಾಮೂಲಿ ಚಿಕಿತ್ಸೆ ಹೀಗೆ: ಮೊದಲಿನದಕ್ಕಿಂತ ಬೇರೆ ಔಷಧಿಗಳ ಕೀಮೋ ಎರಡು ಮೂರು ಸುತ್ತು. ಅದಕ್ಕೆ ರೋಗ ಬಗ್ಗಿದರೆ, ರೋಗಿಯದೇ ರಕ್ತದಿಂದ ಕಾಂಡಕೋಶಗಳನ್ನು ಸೋಸಿ ತೆಗೆದಿಟ್ಟು, ಬಹಳ ಜೋರಾದ ಕೀಮೋ ಕೊಡುತ್ತಾರೆ. ಅದು ಕ್ಯಾನ್ಸರಿನ ಜೊತೆಗೆ ಅಸ್ಥಿಮಜ್ಜೆಯನ್ನೂ ಸುಟ್ಟು ಹಾಕುತ್ತದೆ. ಆಮೇಲೆ ತೆಗೆದಿಟ್ಟ ಕೋಶಗಳನ್ನು ವಾಪಸ್ ಕೊಟ್ಟರೆ ಅವು ಮಜ್ಜೆಯಲ್ಲಿ ಬೇರೂರಿ ಹೊಸ ರಕ್ತ ಮಾಡುತ್ತವೆ. ಹಿರೇಕೆರೂರಿನ ದೊಡ್ಡಪ್ಪನಿಗೆ ಇದನ್ನು ಹೇಳಿದಾಗ, "ಹಂಗಂದ್ರ ಬಿತ್ತೋ ಬೀಜ ಮೊದಲ ಎತ್ತಿಟ್ಟು ಆಮ್ಯಾಲ ಹೊಲಕ್ಕ ಬೆಂಕಿ ಹಚ್ಚೋದು" ಎಂದರು. ಅವರು ಬೀಜದ ಗೋವಿನಜೋಳ ಬೆಳೆಯುವವರು. ನನ್ನ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದರು. ಇಲ್ಲಿ ಔಷಧಿ ಕೀಮೋ, ಕೋಶಗಳು ಬರೀ ಬೀಜ.

ಕಾರ್-ಟಿಯಲ್ಲಿ ಕೋಶವೇ ಔಷಧಿ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಒಂದು ನಿರುಪದ್ರವಿ ಮಾಡಿದ ವೈರಸ್ಸಿನ ಮೂಲಕ ಅವುಗಳ ಒಳಗೆ ಹೊಸ ಜೀನ್ ಕಳಿಸುತ್ತಾರೆ. ಆ ಜೀನಿನಿಂದ ಟಿ ಕೋಶದ ಮೈಮೇಲೆ ಒಂದು ಕೊಂಡಿ ಹುಟ್ಟುತ್ತದೆ. ಬಿ ಕೋಶಗಳ ಮೇಲೆ ಸಿಡಿ19 ಎಂಬ ಗುರುತು ಇರುತ್ತದೆ, ಕೊಂಡಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಟಿ ಕೋಶ ಅದನ್ನು ಕೊಲ್ಲುತ್ತದೆ. ನಮ್ಮ ಸೆಕೆಂಡ್ ಪಿಯು ಬಯಾಲಜಿಯಲ್ಲಿ ಜೀನ್ ಚಿಕಿತ್ಸೆಯ ಪುಟ ನೆನಪಿದೆಯೇ? 1990ರಲ್ಲಿ ಎಡಿಎ ಕೊರತೆಯಿದ್ದ ನಾಲ್ಕು ವರ್ಷದ ಹುಡುಗಿಯ ಬಿಳಿ ರಕ್ತಕಣ ತೆಗೆದು, ಜೀನ್ ಸೇರಿಸಿ, ವಾಪಸ್ ಕೊಟ್ಟದ್ದು. ಮೂರು ಮಾರ್ಕಿನ ಪ್ರಶ್ನೆ ಎಂದು ಬಾಯಿಪಾಠ ಮಾಡುವ ಆ ಪುಟದ ಮೊಮ್ಮಗಳು ಈ ಚಿಕಿತ್ಸೆ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಇದನ್ನು ಕೊಟ್ಟರು. ಲುಕೇಮಿಯಾ ಎರಡು ಸಲ ಮರಳಿ ಬಂದಿತ್ತು. ಕೋಶಗಳು ಒಳಗೆ ಹೋದ ಮೇಲೆ ಅವಳಿಗೆ ವಿಪರೀತ ಜ್ವರ ಬಂತು, ರಕ್ತದೊತ್ತಡ ಕುಸಿಯಿತು, ಉಸಿರಿಗೆ ಯಂತ್ರ ಹಾಕಿದರು. ಟಿ ಕೋಶಗಳು ಯುದ್ಧ ಮಾಡುವಾಗ ಸುರಿಸುವ ರಾಸಾಯನಿಕಗಳ ಪ್ರವಾಹ ಅದು. ಸಂಧಿವಾತಕ್ಕೆ ಕೊಡುವ ಟೋಸಿಲಿಜುಮಾಬ್ ಎಂಬ ಔಷಧಿ ಅವಳನ್ನು ಉಳಿಸಿತು. ಹತ್ತು ವರ್ಷದ ಮೇಲೂ ಕ್ಯಾನ್ಸರ್ ಮರಳಿರಲಿಲ್ಲ. ಕಾಕಾನ ಮೊಬೈಲಿಗೆ ಬರುವುದು ಇಂಥ ಕತೆಗಳೇ, ಮತ್ತು ಈ ಕತೆ ನಿಜ. ಇನ್ನೊಂದು ನಿಜ ಕತೆಯೂ ಇದೆ. ಸ್ಪೇನಿನ ಬಾರ್ಸಿಲೋನಾದ ಅರಿ ಬೆನೆಡೆ ಎಂಬ ಹುಡುಗಿಗೆ 13ನೇ ವಯಸ್ಸಿಗೆ ಲುಕೇಮಿಯಾ. ಈ ಸಂಶೋಧನೆಗೆ ಹಣ ಕೂಡಿಸಲು ಅವಳ ಮನೆಯವರು ಅಭಿಯಾನ ಮಾಡಿದರು. ಅವಳು 18ಕ್ಕೆ ತೀರಿಕೊಂಡಳು. ಅಲ್ಲಿನ ಸರಕಾರಿ ಆಸ್ಪತ್ರೆ ತಯಾರಿಸಿದ ಕಾರ್-ಟಿಗೆ ಅವಳದೇ ಹೆಸರು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕ್ವಾರ್ಟೆಮಿ ಎಂಬ ಚಿಕಿತ್ಸೆಯ ಮೂಲ ಅದೇ. ಅಂದರೆ ನಮ್ಮ ರಾಜ್ಯದಲ್ಲೂ ಇದು ಸಿಗುತ್ತದೆ. ಎಮಿಲಿಯನ್ನು ಓದಿದ ದಿನ ನಾನು ಕುಣಿದಿದ್ದೆ, ಅರಿಯನ್ನು ಓದಿದ ದಿನ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಇಬ್ಬರಲ್ಲಿ ಯಾರ ಕತೆಯೂ ಮಾಮಾನ ಪ್ರಶ್ನೆಗೆ ಉತ್ತರವಲ್ಲ ಎಂದು ಹೊಳೆಯಲು ಇನ್ನೆರಡು ದಿನ ಬೇಕಾಯಿತು.

ಆ ಮೂರು ಅಧ್ಯಯನಗಳಲ್ಲಿ ದೊಡ್ಡದು ಜುಮಾ-7. 359 ರೋಗಿಗಳು, ಮಾಮಾನದೇ ಜಾತಿಯ ಲಿಂಫೋಮಾ, ಮೊದಲ ಚಿಕಿತ್ಸೆಯ ನಂತರ ಮರಳಿದ್ದು ಅಥವಾ ಬಗ್ಗದೇ ಇದ್ದದ್ದು. ಚೀಟಿ ಎತ್ತಿದಂತೆ ಅರ್ಧ ಜನರಿಗೆ ಕಾರ್-ಟಿ, ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಡಾಕ್ಟರ್ ಇಷ್ಟಪಟ್ಟವರಿಗೆ ಇದು, ಉಳಿದವರಿಗೆ ಅದು ಎಂದು ಹಂಚುವಂತಿಲ್ಲ. ಎರಡು ವರ್ಷದ ಕೊನೆಗೆ ರೋಗ ಹೆಚ್ಚದೆ, ಬೇರೆ ಔಷಧಿ ಹಿಡಿಯಬೇಕಾಗದೆ ಬದುಕಿದ್ದವರು ಕಾರ್-ಟಿ ಗುಂಪಿನಲ್ಲಿ ನೂರಕ್ಕೆ 41, ಮಾಮೂಲಿ ಗುಂಪಿನಲ್ಲಿ 16. ನಾಲ್ಕು ವರ್ಷಕ್ಕೆ ಜೀವಂತ ಇದ್ದವರು 54.6 ಮತ್ತು 46. ಎರಡನೆಯ ಅಂತರ ಸಣ್ಣದಾಗಲು ಒಂದು ಕಾರಣ, ಮಾಮೂಲಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಆಮೇಲೆ ಕೋಶ ಚಿಕಿತ್ಸೆಯನ್ನು ಪಡೆದಿದ್ದರು. ಇದೇ ಬಗೆಯ ಟ್ರಾನ್ಸ್‌ಫಾರ್ಮ್ ಎಂಬ ಅಧ್ಯಯನದಲ್ಲೂ ಕಾರ್-ಟಿಯೇ ಗೆದ್ದಿತು. ಬೆಲಿಂಡಾ ಎಂಬ ಮೂರನೆಯದರಲ್ಲಿ ಮಾತ್ರ ಎರಡೂ ಸಮ, ಅಂತರವೇ ಇಲ್ಲ. ಅಲ್ಲಿ ಬಳಸಿದ್ದು ಬೇರೆ ಕಾರ್-ಟಿ, ರಕ್ತ ತೆಗೆದ ದಿನದಿಂದ ಕೋಶ ವಾಪಸ್ ಕೊಡುವವರೆಗೆ 52 ದಿನ ಹಿಡಿದಿತ್ತು. ರೋಗ ಅಷ್ಟು ದಿನ ಕಾಯುವುದಿಲ್ಲ.

ಇಷ್ಟು ಓದಿದಾಗ ಮತ್ತೆ ಗೊಂದಲ. ಮೂರರಲ್ಲಿ ಎರಡು ಕಡೆ ಕಾರ್-ಟಿ ಗೆದ್ದಿದೆ, ಹಾಗಾದರೆ ತೋಟ ಮಾರುವುದೇ ಸರಿಯಲ್ಲವೇ? ಮೇಡಂ ಹತ್ತಿರ ಹೋದೆ. ಅವರು ನನ್ನ ನೋಟ್ ಪುಸ್ತಕ ನೋಡಿ, "ಇಲ್ಲಿ ಯಾರನ್ನು ಸೇರಿಸಿಕೊಂಡಿದ್ದರು ಅಂತ ಬರೆದಿಲ್ಲವಲ್ಲ" ಎಂದರು. ಅದನ್ನು ಹುಡುಕಿದೆ. ಮೂರರಲ್ಲೂ ಒಂದೇ ನಿಯಮ: ಮೊದಲ ಚಿಕಿತ್ಸೆಗೆ ರೋಗ ಬಗ್ಗಿರಬಾರದು, ಇಲ್ಲವೇ 12 ತಿಂಗಳೊಳಗೆ ಮರಳಿರಬೇಕು. ಬೇಗ ಮರಳುವ ರೋಗ ಕೀಮೋಗೆ ಹಟ ಹಿಡಿದ ರೋಗ. ಹಾಗಾಗಿಯೇ ಜುಮಾ-7ರಲ್ಲಿ ಮಾಮೂಲಿ ಗುಂಪಿನ ನೂರಕ್ಕೆ 36 ಜನ ಮಾತ್ರ ಕಸಿಯವರೆಗೆ ತಲುಪಿದ್ದರು, ಉಳಿದವರು ದಾರಿಯಲ್ಲೇ ನಿಂತಿದ್ದರು.

ಮಾಮಾಗೆ ಎಷ್ಟು ತಿಂಗಳಿಗೆ ಮರಳಿತು?

ಈ ಪ್ರಶ್ನೆಗೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಯ ಕೀಮೋ ರಂಜಾನ್ ಆದ ಮೇಲೆ ಎಂದು ಮಾಮಿ. ಹಂಗಲ್ಲ, ಮೆಣಸಿನಕಾಯಿ ಬ್ಯಾಡಗಿಗೆ ಹೋಗುವ ಕಾಲಕ್ಕೆ ಎಂದು ಕಾಕಾ. ಶಿಗ್ಗಾವಿಯಲ್ಲಿ ಮದುವೆ ಇತ್ತು, ಅಂದು ಮಾಮಾ ಟೊಪ್ಪಿಗೆ ತೆಗೆಯಲಿಲ್ಲ, ಕೂದಲಿರಲಿಲ್ಲ ಎಂದು ಅವ್ವ. ಡಿಸ್ಚಾರ್ಜ್ ಕಾಗದ ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ಕಡೆಗೆ ಅದು ಅಂಗಡಿಯ ಹಳೆಯ ಬಿಲ್ ಪುಸ್ತಕದೊಳಗೆ, ಯಾರದೋ ಎರಡು ಜೋಡಿ ತಲೆದಿಂಬಿನ ಬಿಲ್ಲಿಗೆ ಅಂಟಿಕೊಂಡು ಸಿಕ್ಕಿತು. ಅಕ್ಟೋಬರ್ 2023. ಬೆರಳು ಮಡಚಿ ಎಣಿಸಿದೆ. 19 ತಿಂಗಳು.

ಹಾಗಾದರೆ ಆ ಮೂರು ಅಧ್ಯಯನಗಳಲ್ಲಿ ಮಾಮಾನಂಥವರು ಇರಲೇ ಇಲ್ಲ. ತಡವಾಗಿ ಮರಳಿದ, ಕೀಮೋಗೆ ಇನ್ನೂ ಬಗ್ಗಬಹುದಾದ ರೋಗಕ್ಕೆ ಹಳೆಯ ತಕ್ಕಡಿಯೇ ಇತ್ತು. 1995ರಲ್ಲಿ ಪ್ರಕಟವಾದ ಪಾರ್ಮಾ ಎಂಬ ಅಧ್ಯಯನ. ಕೀಮೋಗೆ ಬಗ್ಗಿದ 109 ರೋಗಿಗಳಲ್ಲಿ ಅರ್ಧ ಜನರಿಗೆ ಕಸಿ, ಅರ್ಧ ಜನರಿಗೆ ಕೀಮೋ ಮುಂದುವರಿಕೆ. ಐದು ವರ್ಷಕ್ಕೆ ರೋಗ ಮರಳದೆ ಇದ್ದವರು ಕಸಿಯವರಲ್ಲಿ ನೂರಕ್ಕೆ 46, ಬರೀ ಕೀಮೋದವರಲ್ಲಿ 12. ನಾನು ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನದು, ಈಗಿನ ಔಷಧಿಗಳು ಆಗ ಇರಲಿಲ್ಲ ನಿಜ. ಆದರೆ 'ಮಾಮೂಲಿ' ಎಂಬ ಪದವನ್ನು ನಾನು ಅಷ್ಟು ಹೊತ್ತು ಸಸಾರವಾಗಿ ಬಳಸಿದ್ದೆನಲ್ಲ, ಆ ಮಾಮೂಲಿ ಕೂಡ ಹೀಗೆಯೇ ತಕ್ಕಡಿಗೆ ಹತ್ತಿ ಗೆದ್ದು ಬಂದದ್ದು.

ಜೂನ್ ಮೂರನೇ ವಾರ ಹಾವೇರಿಯಿಂದ ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದೆವು. ಮಾಮಾ, ಮಾಮಿ, ಕಾಕಾ, ಮತ್ತು 'ಓದಿ ಹೇಳಾಕಿ' ಎಂದು ನಾನು. ನಮ್ಮ ಕಡೆ ಕ್ಯಾನ್ಸರ್ ಎಂದರೆ ಜನ ಕಿದ್ವಾಯಿ ಎನ್ನುತ್ತಾರೆ, ಯಾವ ಆಸ್ಪತ್ರೆಗೆ ಹೊರಟಿದ್ದರೂ. ರೈಲಿನಲ್ಲಿ ಎದುರಿಗಿದ್ದವರೂ ಹಾಗೇ ಕೇಳಿದರು. 1973ರಲ್ಲಿ ಶುರುವಾದ ಆ ಸಂಸ್ಥೆಗೆ ಯಾರ ಹೆಸರಿದೆ ಎಂದು ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ರಫಿ ಅಹಮದ್ ಕಿದ್ವಾಯಿ, ಸ್ವಾತಂತ್ರ್ಯ ಹೋರಾಟಗಾರ, ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ.

ನಾವು ಕಂಡ ಡಾಕ್ಟರಮ್ಮ ಫೈಲು ತೆರೆಯುವ ಮೊದಲೇ ಕೇಳಿದ್ದು ಅದೇ ಪ್ರಶ್ನೆ. ಮೊದಲ ಚಿಕಿತ್ಸೆ ಮುಗಿದು ಎಷ್ಟು ತಿಂಗಳಿಗೆ ಮರಳಿತು? ನಾನು "19" ಎಂದೆ. ಅವರು ನನ್ನನ್ನು ಒಮ್ಮೆ ನೋಡಿದರು.

ಕಾಕಾ ಕಾರ್-ಟಿ ವಿಷಯ ತೆಗೆದರು. ಡಾಕ್ಟರಮ್ಮ ಅದು ಒಳ್ಳೆಯ ಚಿಕಿತ್ಸೆ ಎಂದೇ ಹೇಳಿದರು. ಇವರಿಗೆ ಮೊದಲು ಬೇರೆ ಕೀಮೋ ಎರಡು ಸುತ್ತು ಕೊಡೋಣ, ರೋಗ ಬಗ್ಗಿದರೆ ಕಸಿ, ಬಗ್ಗದಿದ್ದರೆ ಆಗ ಕಾರ್-ಟಿ ಮಾತಾಡೋಣ ಎಂದರು. "ಕಸಿ ಮಾಡಿ ರೋಗ ಮತ್ತೆ ಬಂದರೆ?" ಎಂದು ಕಾಕಾ ಕೇಳಿದಾಗ, ಬರಬಹುದು, ಆ ಬಾಗಿಲು ಆಗಲೂ ತೆರೆದೇ ಇರುತ್ತದೆ ಎಂದರು. ಮಾಮಾ ಅಷ್ಟು ಹೊತ್ತು ಏನೂ ಮಾತಾಡಿರಲಿಲ್ಲ. ಹೊರಗೆ ಬಂದ ಮೇಲೆ, "ಅಪ್ಪಾಗ ಫೋನ್ ಹಚ್ಚು, ಸಂಚಕಾರ ತಿರುಗಿ ಕೊಡಾಕ ಹೇಳು" ಎಂದರು.

ಸಂಚಕಾರ ತಿರುಗಿ ಕೊಡುವುದು ಸುಲಭದ ಮಾತಲ್ಲ. ಮಾತು ಕೊಟ್ಟು ತಪ್ಪಿದಂತೆ. ಅಜ್ಜ ಐವತ್ತು ಸಾವಿರದ ಮೇಲೆ ಇನ್ನೂ ಐದು ಸಾವಿರ ಸೇರಿಸಿ ಕೊಟ್ಟರು. ಆ ಐದು ಸಾವಿರ ನನ್ನ ಲೆಕ್ಕದ್ದು ಎಂದು ನಾನು ಅಂದುಕೊಂಡಿದ್ದೇನೆ. ನಾನು ಅಜ್ಜನ ಮುಂದೆ ಕೂತು, ಸ್ಪಂದನೆ ಬೇರೆ, ಗುಣ ಬೇರೆ, ನಾನು ತಪ್ಪು ಹೇಳಿದೆ ಎಂದು ಒಪ್ಪಿಕೊಂಡೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ನೀ ತಪ್ಪ ಹೇಳಿದ್ದಿ, ನಾ ಗಡಿಬಿಡಿ ಮಾಡಿದ್ನಿ. ಇಬ್ಬರದೂ ಸೇರಿ ಒಂದ ತಪ್ಪ ಆತು" ಎಂದರು.

ಮಾಮೂಲಿ ಚಿಕಿತ್ಸೆ ಎಂದರೆ ಪುಕ್ಕಟೆ ಎಂದು ಯಾರೂ ತಿಳಿಯಬೇಡಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅದರಿಂದ ದೊಡ್ಡ ಆಸರೆ ಆಯಿತು. ಆದರೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ರೂಮು, ಊಟ, ಹೊರಗಿನಿಂದ ತರಿಸಿದ ಔಷಧಿ, ಮುಚ್ಚಿದ ಅಂಗಡಿ. ಮಾಮಿಯ ಎರಡು ಬಳೆ ಹೋದವು. ಓಣಿಯ ಜನ ಜಾತಿ ಕೇಳದೆ ಕೂಡಿಸಿ ಕೊಟ್ಟರು. ಎದುರಿನ ಕಿರಾಣಿ ಅಂಗಡಿಯವರು ಮೂರು ತಿಂಗಳ ರೇಷನ್ನಿನ ಚೀಟಿ ಹರಿದು ಹಾಕಿದರು.

ಎರಡು ಸುತ್ತಿಗೆ ಬಗಲಿನ ಗಂಟು ಕೈಗೆ ಸಿಗದಂತಾಯಿತು. ಮೂರನೆಯ ಸುತ್ತಿನ ನಂತರ ಸ್ಕ್ಯಾನ್ ಚೆನ್ನಾಗಿ ಬಂತು. ಸೆಪ್ಟೆಂಬರ್ ಕೊನೆಗೆ ಕಸಿ. ಕೋಶ ತೆಗೆಯುವ ದಿನ ಎರಡೂ ಕೈಗೆ ಸೂಜಿ, ನಾಲ್ಕು ತಾಸು ಅಲುಗಾಡದೆ ಮಲಗುವುದು. ಕೋಶ ವಾಪಸ್ ಕೊಡುವ ದಿನ ಕೋಣೆಯೆಲ್ಲ ಬಳ್ಳುಳ್ಳಿ ವಾಸನೆ. ಕೋಶಗಳು ಮಂಜಿನಲ್ಲಿ ಕೆಡದಿರಲಿ ಎಂದು ಹಾಕುವ ರಾಸಾಯನಿಕದ ವಾಸನೆ ಅದು, ರೋಗಿಯ ಉಸಿರಿನಿಂದಲೇ ಬರುತ್ತದೆ. "ನಾ ಉಪವಾಸ ಅದೀನಿ, ಬಾಯಾಗ ಒಗ್ಗರಣಿ ವಾಸನಿ" ಎಂದು ಮಾಮಾ ಫೋನಿನಲ್ಲಿ ಹೇಳಿದರು. ಆಮೇಲೆ ಎರಡು ವಾರ ಹೇಳಲಿಲ್ಲ, ಹೇಳುವ ಸ್ಥಿತಿಯಲ್ಲಿರಲಿಲ್ಲ. ಬಾಯಿತುಂಬ ಹುಣ್ಣು, ಜ್ವರ, ಬಿಳಿಕಣದ ಲೆಕ್ಕ ಸೊನ್ನೆಗೆ ಹತ್ತಿರ. ಮಾಮಿ ದಿನಾ ಬೆಳಿಗ್ಗೆ ಆ ಅಂಕಿ ಕಳಿಸುತ್ತಿದ್ದರು. 100. 100. 200. 100. ಹನ್ನೆರಡನೆಯ ದಿನ 900 ಎಂದು ಬಂದಾಗ ನಾನು ಕೆಮಿಸ್ಟ್ರಿ ಲ್ಯಾಬಿನ ಹೊರಗೆ ನಿಂತಿದ್ದೆ. ಲ್ಯಾಬ್ ಅಟೆಂಡರ್ ಯಾಕೆ ಅಳುತ್ತಿದ್ದೀ ಎಂದು ಕೇಳಿದರು, 900 ಎಂದೆ. ಅವರಿಗೆ ಏನು ತಿಳಿಯಿತೋ.

ಈಗ ಜನವರಿ. ನೂರು ದಿನದ ಸ್ಕ್ಯಾನಿನಲ್ಲಿ ಏನೂ ಇಲ್ಲ. ಮಾಮಾ ಅಂಗಡಿಗೆ ಬರುತ್ತಾರೆ, ಆದರೆ ಒಳಗೆ ಕಾಲಿಡುವಂತಿಲ್ಲ, ಅರಳೆಯ ಧೂಳು ಅವರಿಗೆ ವರ್ಜ್ಯ. ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು, ಗಿರಾಕಿಗಳ ಜೊತೆ ದರ ಮಾತಾಡುತ್ತಾರೆ. ಮಷಿನ್ ಮಗನ ಕೈಗೆ ಬಂದಿದೆ. ಏಪ್ರಿಲ್‌ನಿಂದ ಅವರಿಗೆ ಲಸಿಕೆಗಳು ಮತ್ತೆ ಮೊದಲಿನಿಂದ, ಕೂಸಿಗೆ ಹಾಕುವಂತೆ. ಹಳೆಯ ಮಜ್ಜೆಯ ಜೊತೆ ಹಳೆಯ ಲಸಿಕೆಗಳ ನೆನಪೂ ಹೋಗಿರುತ್ತದೆ.

ಕಳೆದ ಭಾನುವಾರ ಹೋಗಿದ್ದೆ. ದೊಡ್ಡವ್ವನೂ ಬಂದಿದ್ದರು. ಮಾಮಾ ನನ್ನನ್ನು ನೋಡಿದಾಗಲೆಲ್ಲ ಕೇಳುವುದು ಒಂದೇ, "ಈಗ ನೂರಕ್ಕ ಎಷ್ಟು?" ನಾನು ಈಗ ಅಂಕಿ ಹೇಳುವುದಿಲ್ಲ. ಅವರೇ ಮುಂದುವರಿಸಿ, "ಮತ್ತ ಬಂದ್ರ ಹೆಂಗ?" ಎಂದರು.

"ಬಂದ್ರ ಬರ್ಲಿ, ಆವಾಗ ಕಾರ್ ತರಸೋಣು" ಎಂದರು ದೊಡ್ಡವ್ವ.

ಮಾಸ್ಕಿನ ಒಳಗೆ ಮಾಮಾ ನಕ್ಕದ್ದು ಕಣ್ಣಲ್ಲಿ ಕಂಡಿತು. ಮುಂದಿನ ಸ್ಕ್ಯಾನ್ ಮಾರ್ಚಿನಲ್ಲಿ. ನನ್ನ ಬಯಾಲಜಿ ಪರೀಕ್ಷೆಯೂ ಆಗಲೇ.